ಗಿಡುಗದ ಜೊತೆ ಮೊಲದ ಬೇಟೆಗೆ ಎಳೆಯ ನಾಯಿಯನ್ನು ಪಳಗಿಸುವುದು

ಮೊಲದ ವಾಸನೆ ಹಿಡಿಯುವುದನ್ನು ಬೇಟೆನಾಯಿಗೆ ಯಾರೂ ಹೇಳಿಕೊಡಬೇಕಿಲ್ಲ, ಅದು ಹುಟ್ಟುತ್ತಲೇ ಬಂದಿರುತ್ತದೆ. ಹೇಳಿಕೊಡಬೇಕಾದದ್ದು ನಿಲ್ಲುವುದನ್ನು. ಗಿಡುಗ ಮೊಲದ ಮೇಲೆ ಎರಗಿ ರೆಕ್ಕೆ ಬಡಿಯುತ್ತಿದೆ, ಮೊಲ ಕಿರುಚುತ್ತಿದೆ, ನಾಯಿ ಐದಾರು ಮೀಟರ್ ದೂರದಲ್ಲಿದೆ. ಆ ಹೊತ್ತಿನಲ್ಲಿ ಅದು ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿರಬೇಕು. ಇಷ್ಟು ಕಲಿತ ನಾಯಿಯ ಮೂಗು ಸಾಧಾರಣದ್ದಾದರೂ ಬೇಟೆ ನಡೆಯುತ್ತದೆ. ಇಷ್ಟು ಕಲಿಯದ ನಾಯಿ, ಮೂಗು ಎಷ್ಟೇ ಚುರುಕಿರಲಿ, ಒಂದಲ್ಲ ಒಂದು ದಿನ ಗಿಡುಗವನ್ನು ಗಾಯಗೊಳಿಸುತ್ತದೆ ಇಲ್ಲವೇ ತಾನೇ ಕಣ್ಣು ಕಳೆದುಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಹೆಚ್ಚು ಜಾಗ ಆ ಪಾಠಕ್ಕೇ ಮೀಸಲು.

ಗಿಡುಗ ಸಾಕುವುದಕ್ಕೆ ಪರವಾನಗಿ, ಮೊಲದ ಬೇಟೆಗೆ ಅನುಮತಿಯಿರುವ ಋತು, ಜಮೀನಿನ ಒಡೆಯರ ಒಪ್ಪಿಗೆ, ಈ ಮೂರೂ ಇದ್ದಲ್ಲಿ ಮಾತ್ರ ಮುಂದಿನ ಮಾತು. ಇವೆಲ್ಲ ಪೂರ್ತಿ ನಿಷಿದ್ಧವಾಗಿರುವ ದೇಶಗಳಿವೆ, ಅಲ್ಲಿ ಅಡ್ಡದಾರಿ ಹುಡುಕಬಾರದು.

ಯಾವ ನಾಯಿ, ಯಾವ ಹಕ್ಕಿ

ಗಿಡುಗಕ್ಕೆ ವೇಗದ ನಾಯಿ ಬೇಡ. ನಿಧಾನವಾಗಿ ಜಾಡು ಹಿಡಿದು ಬರುವ ನಾಯಿಯ ಮುಂದೆ ಮೊಲ ಸ್ವಲ್ಪ ಓಡುತ್ತದೆ, ನಿಂತು ಕಿವಿಗೊಡುತ್ತದೆ, ಮತ್ತೆ ನಾಲ್ಕು ಹೆಜ್ಜೆ ಕುಪ್ಪಳಿಸುತ್ತದೆ. ಮರದ ಮೇಲೆ ಕೂತ ಗಿಡುಗಕ್ಕೆ ಬೇಕಾದದ್ದು ಇಂಥ ಮೊಲ. ಬೆನ್ನಟ್ಟಿ ಓಡಿಸುವ ನಾಯಿಯಾದರೆ ಮೊಲ ಒಂದೇ ಉಸಿರಿಗೆ ಬಿಲ ಸೇರುತ್ತದೆ. ಸೇರದಿದ್ದರೂ ಹಕ್ಕಿ ಇಳಿದ ಎರಡು ಸೆಕೆಂಡಿನಲ್ಲಿ ನಾಯಿ ಅದರ ಮೇಲಿರುತ್ತದೆ.

ಹೆಗಲೆತ್ತರ 13 ಇಂಚು ದಾಟದ ಸಣ್ಣ ಬೀಗಲ್ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಜಾಡು ಸಿಕ್ಕಾಗ ಅದು ದನಿ ತೆಗೆಯುತ್ತದೆ. ಪೊದೆಯೊಳಗೆ ಮೊಲ ಎತ್ತ ತಿರುಗಿತು ಎಂಬುದು ನಿಮಗೂ ಹಕ್ಕಿಗೂ ಆ ದನಿಯಿಂದಲೇ ತಿಳಿಯುತ್ತದೆ. ಡ್ಯಾಕ್ಸ್‌ಹುಂಡ್ ಕೂಡ ಒಳ್ಳೆಯ ಜಾಡುಗಾರ, ಆದರೆ ಬಿಲಕ್ಕೆ ನುಗ್ಗಿ ಸಿಕ್ಕಿಹಾಕಿಕೊಳ್ಳುವ ಚಟ ಅದಕ್ಕಿದೆ. ಅದರಲ್ಲೂ ತೀರಾ ಚಿಕ್ಕ ಜಾತಿಯದು ಹಸಿದ ಗಿಡುಗದ ಕಣ್ಣಿಗೆ ಮೊಲದಂತೆಯೇ ಕಾಣುತ್ತದೆ. ನಾಯಿ ಒಂದಿದ್ದರೆ ಸಾಕು, ಎರಡಕ್ಕಿಂತ ಹೆಚ್ಚು ಬೇಡವೇ ಬೇಡ. ಹಿಂಡು ಕಟ್ಟಿಕೊಂಡು ಹೋದರೆ ಯಾವುದನ್ನೂ ಹಿಡಿದು ನಿಲ್ಲಿಸಲಾಗದು.

ಹಕ್ಕಿಗಳಲ್ಲಿ ಹ್ಯಾರಿಸ್ ಗಿಡುಗ ನಾಯಿಯ ಜೊತೆ ಬಹಳ ಬೇಗ ಹೊಂದುತ್ತದೆ. ಕಾಡಿನಲ್ಲೂ ಅದು ಗುಂಪಾಗಿ ಬೇಟೆಯಾಡುವ ಹಕ್ಕಿ. ಪೊದೆಯಿಂದ ಒಬ್ಬರು ಹೊರಡಿಸಿದರೆ ಇನ್ನೊಬ್ಬರು ಹಿಡಿಯುವ ಲೆಕ್ಕ ಅದಕ್ಕೆ ಹೊಸದಲ್ಲ. ಆದರೂ ಅದರ ತವರಾದ ಅಮೆರಿಕದ ಒಣ ಬಯಲುಗಳಲ್ಲಿ ಕಾಯೋಟಿ ಎಂಬ ಕಾಡುನಾಯಿ ಅದರ ಶತ್ರು. ಹಾಗಾಗಿ ನಾಯಿಯ ರೂಪ ಕಂಡರೆ ಮೊದಲ ಪ್ರತಿಕ್ರಿಯೆ ದ್ವೇಷವೇ. ಕೆಂಪುಬಾಲದ ಗಿಡುಗಕ್ಕೆ ಬಲ ಹೆಚ್ಚು, ಒಗ್ಗಿಕೊಳ್ಳಲು ಸಮಯವೂ ಹೆಚ್ಚು. ಗಾಸ್‌ಹಾಕ್ ಹತ್ತಿರದ ಎರಗಾಟದಲ್ಲಿ ಮಿಂಚು, ಸ್ವಭಾವದಲ್ಲಿ ಬಲು ಗಾಬರಿಯ ಹಕ್ಕಿ.

ಎರಡೂ ಹೊಸಬರಾಗಬಾರದು. ಎಳೆಯ ನಾಯಿಗೆ ಕನಿಷ್ಠ ಒಂದು ಋತು ಬೇಟೆಯಾಡಿದ ಗಿಡುಗ ಬೇಕು, ಎಳೆಯ ಗಿಡುಗಕ್ಕೆ ಅನುಭವಿ ನಾಯಿ ಬೇಕು. ಎರಡನ್ನೂ ಒಟ್ಟಿಗೆ ಕಲಿಸಲು ಹೊರಟರೆ ತಪ್ಪು ಯಾರದೆಂದೇ ತಿಳಿಯುವುದಿಲ್ಲ, ತಿದ್ದುವುದಂತೂ ದೂರ.

ಮೊದಲೇ ಹೊಂದಿಸಿಕೊಳ್ಳಬೇಕಾದವು

ನಾಯಿಗೆ ಅಗಲವಾದ ಚಪ್ಪಟೆ ಕೊರಳಪಟ್ಟಿ, ಎದೆಪಟ್ಟಿ, 10 ಮೀಟರ್ ಉದ್ದದ ಹಗ್ಗ. ಹಗ್ಗ ನೀರು ಹೀರದ, ಮುಳ್ಳಿಗೆ ಸಿಕ್ಕಿಕೊಳ್ಳದ ನುಣುಪಾದ ಬಗೆಯದಿರಲಿ, ತುದಿಯಲ್ಲಿ ಕುಣಿಕೆ ಬೇಡ. ಎಳೆದಾಡುವಾಗ ಕುಣಿಕೆಯೇ ಮೊದಲು ಕೊಂಬೆಗೆ ತಗುಲುವುದು. ಉದ್ದ ಹಗ್ಗವನ್ನು ಯಾವಾಗಲೂ ಎದೆಪಟ್ಟಿಗೇ ಕಟ್ಟಿ. ಓಡುತ್ತಿರುವ ಮರಿಯ ಕುತ್ತಿಗೆಗೆ ಜಗ್ಗು ಬೀಳಬಾರದು. ಬಯಲಿಗೆ ಬಿಡುವ ಹೊತ್ತಿಗೆ ಜಿಪಿಎಸ್ ಪಟ್ಟಿಯೂ ಇರಲಿ.

ಗಿಡುಗಕ್ಕೆ ಕಾಲುಗೆಜ್ಜೆ, ರೇಡಿಯೋ ಟ್ರಾನ್ಸ್‌ಮಿಟರ್, ಮತ್ತು ಹಾರುವಾಗ ತೊಡಿಸಲು ಸೀಳಿಲ್ಲದ ಕಾಲ್ಪಟ್ಟಿ. ಸೀಳಿರುವ ಕಾಲ್ಪಟ್ಟಿ ಮರದ ಚಿಗುರಿಗೆ ಸಿಕ್ಕಿ ಹಕ್ಕಿ ತಲೆಕೆಳಗಾಗಿ ನೇತಾಡಿ ಸಾಯಬಹುದು. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿ ಬೇಕೇ ಬೇಕು.

ಮೂರು ವಿಷಯಗಳಲ್ಲಿ ಎರಡು ಪ್ರಾಣಿಗಳ ಲೋಕವನ್ನು ಬೇರೆಬೇರೆಯಾಗಿಡಿ. ಹಕ್ಕಿಯನ್ನು ಕರೆಯುವ ಸೀಟಿಯೇ ಬೇರೆ, ನಾಯಿಯದೇ ಬೇರೆ. ಹಕ್ಕಿಯ ಗೆಜ್ಜೆಯ ದನಿಯೇ ಬೇರೆ, ನಾಯಿಗೆ ಗಂಟೆ ಕಟ್ಟುವುದಾದರೆ ಅದರ ದನಿಯೇ ಬೇರೆ. ಹಾಗೆಯೇ ತಿನಿಸು. ಹಕ್ಕಿಗೆ ಕೊಡುವ ಹಸಿಮಾಂಸವನ್ನು ನಾಯಿಗೆ ಬಹುಮಾನವಾಗಿ ಎಂದೂ ಕೊಡಬೇಡಿ. ಕೊಟ್ಟರೆ ಕೈಗವಸಿನ ಮೇಲೆ ಮಾಂಸವಿಟ್ಟಾಗಲೆಲ್ಲ ನಾಯಿ ನಿಮ್ಮ ಕೈಗೆ ನೆಗೆಯುತ್ತದೆ. ಅದರದೇ ಒಣ ಆಹಾರದ ಕಾಳು ಅಥವಾ ಚೀಸಿನ ಚೂರು ಸಾಕು.

ಎಂಟು ವಾರದಿಂದ ನಾಲ್ಕು ತಿಂಗಳವರೆಗೆ

ಮರಿ ಜಗತ್ತನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುವ ಕಿಟಕಿ ಸುಮಾರು ಮೂರನೇ ವಾರಕ್ಕೆ ತೆರೆದು ಹದಿನಾಲ್ಕನೇ ವಾರದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಗಿಡುಗ ಎಂಬುದೊಂದು ಮನೆಯ ಸಾಮಾನ್ಯ ಸಂಗತಿ ಎಂದು ಮರಿಗೆ ಅನ್ನಿಸಬೇಕಾದದ್ದು ಈ ಅವಧಿಯಲ್ಲೇ. ಜಾಲರಿ ಕಟ್ಟಿದ ಗೂಡಿನ ಹೊರಗೆ ದಿನವೂ ಹತ್ತು ನಿಮಿಷ ಮರಿ ಆಡಲಿ. ಗೆಜ್ಜೆಯ ಸದ್ದು ಕೇಳಲಿ, ರೆಕ್ಕೆ ಬಡಿಯುವುದನ್ನು ನೋಡಲಿ. ಹಕ್ಕಿಯನ್ನು ದಿಟ್ಟಿಸಿ ನೋಡತೊಡಗಿದರೆ ಹೆಸರು ಕರೆದು, ತಿರುಗಿದ ಕೂಡಲೇ ಕಾಳು ಕೊಡಿ. ಹಕ್ಕಿಯಿಂದ ಕಣ್ಣು ತೆಗೆದರೆ ಲಾಭ, ಇದು ಅದರ ಮೊದಲ ಪಾಠ.

ಗೂಡಿನ ಹೊರಗೆ, ಅಡ್ಡೆಗೆ ಕಟ್ಟಿಹಾಕಿದ ಗಿಡುಗದ ಹತ್ತಿರಕ್ಕೆ ಮರಿಯನ್ನು ಬಿಡಲೇಬಾರದು. ಒಂದು ಕಿಲೋ ತೂಗುವ ಹೆಣ್ಣು ಹ್ಯಾರಿಸ್‌ನ ಹಿಡಿತಕ್ಕೆ ಎಂಟು ವಾರದ ಮರಿಯ ಮುಖ ಸಿಕ್ಕರೆ ಬಿಡಿಸುವಷ್ಟರಲ್ಲಿ ಕಣ್ಣು ಹೋಗಿರುತ್ತದೆ. ಅಲ್ಲಿಗೆ ಮುಗಿಯುವುದೂ ಇಲ್ಲ, ಗೆಜ್ಜೆಯ ಸದ್ದಿಗೇ ಬಾಲ ಮುದುರುವ ನಾಯಿ ನಿಮ್ಮ ಪಾಲಿಗೆ ಉಳಿಯುತ್ತದೆ.

ಗಿಡುಗ ಗರಿ ಉದುರಿಸುವ ತಿಂಗಳುಗಳಲ್ಲಿ ಬೇಟೆ ಹೇಗೂ ಇರುವುದಿಲ್ಲ. ಮರಿಯನ್ನು ಆ ಕಾಲಕ್ಕೆ ತಂದರೆ ನಿಮ್ಮ ಹೊತ್ತೆಲ್ಲ ಅದಕ್ಕೇ ಸಿಗುತ್ತದೆ. ಹೊಸ ಗರಿ ಬಂದು ಬೇಟೆ ಶುರುವಾಗುವಷ್ಟರಲ್ಲಿ ಮರಿ ಎಂಟು-ಹತ್ತು ತಿಂಗಳದ್ದಾಗಿರುವಂತೆ ಲೆಕ್ಕ ಹಾಕಿ. ಲಸಿಕೆಗಳು ಮುಗಿಯುವ ತನಕ ಬಯಲಿಗೆ ಇಳಿಸಬೇಡಿ.

ನಿಲ್ಲುವ ಪಾಠ

ಇದಕ್ಕೆ ನಾಲ್ಕನೇ ತಿಂಗಳಲ್ಲಿ ಕೈಹಾಕಿ. ದಿನಕ್ಕೆ ಮೂರು ಸಲ, ಒಂದೊಂದು ಸಲ ಐದೇ ನಿಮಿಷ. ಬೀಗಲ್ ಮರಿಗೆ ಆರನೇ ನಿಮಿಷದಿಂದ ನಿಮ್ಮ ಮಾತು ಬರೀ ಗಾಳಿ.

ಮೊದಲು ‘ಬಿಡು’. ಮುಷ್ಟಿಯಲ್ಲಿ ಕಾಳು ಮುಚ್ಚಿ ಮೂಗಿನ ಮುಂದೆ ಹಿಡಿಯಿರಿ. ನೆಕ್ಕುತ್ತದೆ, ಕೆರೆಯುತ್ತದೆ, ಕುಂಯ್‌ಗುಡುತ್ತದೆ. ಸುಮ್ಮನಿರಿ. ಮೂಗನ್ನು ಹಿಂದಕ್ಕೆ ತೆಗೆದ ಕ್ಷಣದಲ್ಲೇ ಇನ್ನೊಂದು ಕೈಯಿಂದ ಕಾಳು ಕೊಡಿ. ಹಿಂದೆ ಸರಿಯುವುದು ಅಭ್ಯಾಸವಾದ ಮೇಲೆ ಪದ ಸೇರಿಸಿ. ಮುಷ್ಟಿಯಿಂದ ತೆರೆದ ಅಂಗೈಗೆ, ಅಂಗೈಯಿಂದ ನೆಲಕ್ಕೆ, ನೆಲದ ಕಾಳಿನಿಂದ ಮೊಲದ ಚರ್ಮದ ತುಂಡಿಗೆ ಹೋಗಿ.

ಆಮೇಲೆ ‘ಮಲಗು’. ಊಟದ ತಟ್ಟೆ ಇಡುವ ಮುಂಚೆ ಒಂದು ಉದ್ದನೆಯ ಸೀಟಿ ಊದಿ, ಮಲಗಿಸಿ, ತಟ್ಟೆ ಇಡಿ. ವಾರದೊಳಗೆ ಸೀಟಿಗೇ ಮಲಗತೊಡಗುತ್ತದೆ. ಆಗ ದೂರ ಹೆಚ್ಚಿಸಿ: 3 ಮೀಟರ್, 5, 10, 20. ಹತ್ತರಲ್ಲಿ ಒಂಬತ್ತು ಸಲ ತಡವಿಲ್ಲದೆ ಮಲಗಿದರೆ ಮಾತ್ರ ಮುಂದಿನ ಹಂತ. ನಿಂತಲ್ಲಿ ಬಂದ ಮೇಲೆ ಓಡುತ್ತಿರುವಾಗ ಊದಿ. ಅದೂ ಬಂದ ಮೇಲೆ ಎಸೆದ ಚೆಂಡಿನ ಹಿಂದೆ ಹೊರಟಾಗ ಊದಿ. ಈ ಹಂತಗಳಲ್ಲೆಲ್ಲ ಉದ್ದ ಹಗ್ಗ ಬೆನ್ನಿಗಿರಲಿ, ಸೀಟಿಗೆ ಕಿವಿಗೊಡದಿದ್ದರೆ ಹಗ್ಗದ ಮೇಲೆ ಕಾಲಿಟ್ಟು ನಿಲ್ಲಿ. ಕೂಗುವುದು, ಹೊಡೆಯುವುದು ಬೇಡ. ಹೊಡೆತ ತಿಂದ ನಾಯಿ ಸೀಟಿ ಕೇಳಿದರೆ ನಿಮ್ಮಿಂದ ದೂರ ಓಡುತ್ತದೆ, ಬೇಕಾದದ್ದಕ್ಕೆ ತದ್ವಿರುದ್ಧ.

ಹೆಚ್ಚಿನವರು ಬಿಟ್ಟುಬಿಡುವ ಭಾಗವೊಂದಿದೆ. ಬೇಟೆಯ ಹೊತ್ತಿನಲ್ಲಿ ನಾಯಿಯ ತಲೆ ಕೆಡಿಸುವುದು ಮೊಲದ ವಾಸನೆಗಿಂತ ಅದರ ಕಿರುಚಾಟ. ಮೊಲ ಕಿರುಚುವ ಧ್ವನಿಮುದ್ರಣವನ್ನು ಮೊದಲು ಕೇಳಿಯೂ ಕೇಳಿಸದಷ್ಟು ಸಣ್ಣಗೆ ಹಾಕಿ ಮಲಗಿಸಿ, ಕಾಳು ಕೊಡಿ. ದಿನದಿನಕ್ಕೆ ದನಿ ಏರಿಸಿ. ಆಮೇಲೆ ಸದ್ದು ಬರುವ ಜಾಗದಲ್ಲಿ ಒಬ್ಬರು ನಿಂತು ರೆಕ್ಕೆಯಂತೆ ಬಟ್ಟೆ ಬಡಿಯಲಿ. ಕೊನೆಕೊನೆಗೆ ಆ ಕಿರುಚಾಟವೇ ‘ಮಲಗು’ ಎಂಬ ಅಪ್ಪಣೆಯಾಗಿಬಿಡಬೇಕು. ಪೊದೆಯ ಆಚೆ ನಿಮ್ಮ ಸೀಟಿ ಕೇಳದೆ ಇರಬಹುದು, ಕಿರುಚಾಟ ಕೇಳಿಯೇ ಕೇಳುತ್ತದೆ.

ಮಲಗಿದ್ದು ಎಷ್ಟು ಹೊತ್ತು ಎಂಬುದೂ ಮುಖ್ಯ. ಮೊಲದ ಮೇಲಿರುವ ಗಿಡುಗವನ್ನು ಕೈಗೆ ಹತ್ತಿಸಿಕೊಳ್ಳಲು ಕೆಲವೊಮ್ಮೆ ಹತ್ತು ನಿಮಿಷ ಹಿಡಿಯುತ್ತದೆ. ಅರ್ಧ ನಿಮಿಷ ಮಲಗಿ ಎದ್ದುಬರುವ ನಾಯಿ ನಿಮ್ಮ ಬೆನ್ನ ಹಿಂದಿನಿಂದ ಬರುತ್ತದೆ, ಕೈ ಎರಡೂ ಕೆಲಸದಲ್ಲಿರುವಾಗ. ಅಷ್ಟಾಗಿಯೂ, ಬಿಸಿಬಿಸಿ ಜಾಡಿನ ಮೇಲಿರುವ ಬೀಗಲ್ ಪ್ರತಿ ಸಲವೂ ಕರೆಗೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜಿಪಿಎಸ್ ಪಟ್ಟಿ ಅದಕ್ಕೇ ಇರುವುದು.

ವಾಸನೆಯ ಗೆರೆ

ಆರನೇ ತಿಂಗಳಲ್ಲಿ ಮೊಲದ ಚರ್ಮ ಅಥವಾ ಮಂಜುಗಟ್ಟಿಸಿ ಕರಗಿಸಿದ ಸತ್ತ ಮೊಲವನ್ನು ದಾರಕ್ಕೆ ಕಟ್ಟಿ ಹುಲ್ಲಿನ ಮೇಲೆ 30 ಮೀಟರ್ ನೇರಕ್ಕೆ ಎಳೆಯಿರಿ. ಹತ್ತು ನಿಮಿಷ ಬಿಟ್ಟು ಮರಿಯನ್ನು ತನ್ನಿ. ನಿಮ್ಮ ಹೆಜ್ಜೆಯ ಜಾಡೂ ಮೊಲದ ಜಾಡೂ ಒಂದೇ ಆದರೆ ಮರಿ ಮೊಲವನ್ನು ಬಿಟ್ಟು ನಿಮ್ಮನ್ನು ಹುಡುಕಲು ಕಲಿಯುತ್ತದೆ. ಆದ್ದರಿಂದ ಉದ್ದ ದಾರದ ಎರಡು ತುದಿಗಳನ್ನು ಇಬ್ಬರು ಹಿಡಿದು, ಮೊಲವನ್ನು ನಡುವೆ ಕಟ್ಟಿ, ಸಮಾನಾಂತರವಾಗಿ ನಡೆಯಿರಿ.

ತುದಿಯಲ್ಲಿ ಮರಿಗೆ ಚರ್ಮ ಸಿಗಲಿ, ಒಂದು ನಿಮಿಷ ಹಿಡಿದಾಡಲಿ, ಆಮೇಲೆ ‘ಬಿಡು’ ಎಂದು ಕಾಳಿಗೆ ಬದಲಾಯಿಸಿ. ಹರಿಯಲು ಬಿಡಬೇಡಿ. ಎರಡನೇ ವಾರ ಒಂದು ತಿರುವು, ನಾಲ್ಕನೇ ವಾರಕ್ಕೆ 100 ಮೀಟರ್‌ನಲ್ಲಿ ಎರಡು-ಮೂರು ತಿರುವು, ಅರ್ಧ ಗಂಟೆ ಹಳೆಯ ಜಾಡು. ವಾರಕ್ಕೆ ಮೂರು ಸಲ ಮೀರದಿರಲಿ. ತಿರುವಿನಲ್ಲಿ ತಪ್ಪಿದರೆ ಬೆರಳು ತೋರಿಸಿ ದಾರಿ ಹೇಳಬೇಡಿ. ನಿಂತುಕೊಳ್ಳಿ, ಅದೇ ಸುತ್ತು ಹಾಕಿ ಕಂಡುಕೊಳ್ಳಲಿ. ಹೇಳಿಸಿಕೊಂಡ ನಾಯಿ ಪೊದೆಯೊಳಗೆ ತಪ್ಪಿದಾಗಲೆಲ್ಲ ತಲೆಯೆತ್ತಿ ನಿಮ್ಮ ಮುಖ ನೋಡುತ್ತದೆ.

ಏಳನೇ ತಿಂಗಳಿಂದ ನಿಜವಾದ ಮೊಲದ ಜಾಡು. ಹೊತ್ತು ಮೂಡುವ ಮುಂಚಿನ ಇಬ್ಬನಿಯ ನೆಲದಲ್ಲಿ ವಾಸನೆ ಚೆನ್ನಾಗಿ ನಿಲ್ಲುತ್ತದೆ. ಒಣಗಾಳಿ ಬೀಸುವ ದಿನ ಅನುಭವಿ ನಾಯಿಯೂ ತಡಕಾಡುತ್ತದೆ, ಅಂಥ ದಿನ ಮರಿಯನ್ನು ಪರೀಕ್ಷಿಸುವುದು ಅನ್ಯಾಯ. ಮೊಲ ಹೋದದ್ದನ್ನು ನೀವು ಕಂಡಿದ್ದರೆ, ಮರಿ ಕಾಣದಿದ್ದರೂ ಸರಿ, ಆ ಜಾಗಕ್ಕೆ ತಂದು ಬಿಡಿ. ಜಾಡನ್ನು ಹಿಮ್ಮುಖವಾಗಿ ಹಿಡಿದು ಹೊರಟರೆ ಸದ್ದಿಲ್ಲದೆ ಎತ್ತಿಕೊಂಡು ಬಂದು ಸರಿದಿಕ್ಕಿಗೆ ಇಡಿ. ಜಿಂಕೆ, ಕುರಿ, ಬೆಕ್ಕಿನ ಹಿಂದೆ ಹೋದರೆ ಹಗ್ಗ ಹಿಡಿದು ಮಾತಿಲ್ಲದೆ ಅಲ್ಲಿಂದ ನಡೆದುಬಿಡಿ. ಮೊಲದ ಜಾಡಿಗೆ ಮಾತ್ರ ನಿಮ್ಮ ಉತ್ಸಾಹ ಸಿಗಬೇಕು.

ಒಂದು ವರ್ಷದೊಳಗಿನ ನಾಯಿಯ ಕೀಲುಗಳು ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಅರ್ಧ-ಮುಕ್ಕಾಲು ಗಂಟೆಗೆ ನಿಲ್ಲಿಸಿ.

ನಾಯಿಗೂ ಗಿಡುಗಕ್ಕೂ ಪರಿಚಯ

ಈಗ ಕಲಿಯಬೇಕಾದದ್ದು ಹಕ್ಕಿ. ನಾಯಿ ಹಗ್ಗದಲ್ಲಿ, ಇನ್ನೊಬ್ಬರ ಕೈಯಲ್ಲಿ, 10 ಮೀಟರ್ ದೂರ ಮಲಗಿರಲಿ. ಗಿಡುಗ ನಿಮ್ಮ ಕೈಗವಸಿನ ಮೇಲೆ ತಿನ್ನುತ್ತಿರಲಿ. ಹಕ್ಕಿ ಏನು ಹೇಳುತ್ತಿದೆ ಎಂದು ಓದಿ. ಗರಿಯನ್ನು ಮೈಗೆ ಒತ್ತಿಕೊಂಡು ಸಣಕಲಾಗಿ ನಿಂತರೆ, ಆಚೆಗೆ ವಾಲಿದರೆ, ಕತ್ತಿನ ಗರಿ ನಿಮಿರಿಸಿ ಬಾಯಿ ತೆರೆದರೆ, ಕೈಯಿಂದ ಹಾರಿ ನೇತಾಡಿದರೆ ನಾಯಿ ತೀರಾ ಹತ್ತಿರವಾಯಿತು. ಮೈ ಝಾಡಿಸಿ ಗರಿ ಉಬ್ಬಿಸಿದರೆ, ಒಂದು ಕಾಲು ಮೇಲೆತ್ತಿ ನಿಂತರೆ, ನಾಯಿಯತ್ತ ಬೆನ್ನು ಮಾಡಿ ತಿಂದರೆ ಒಪ್ಪಿತು ಎಂದರ್ಥ.

ದಿನಕ್ಕೆ ಒಂದು ಮೀಟರ್‌ಗಿಂತ ಹೆಚ್ಚು ಹತ್ತಿರ ಬರಬೇಡಿ. 3 ಮೀಟರ್‌ನಲ್ಲಿ ನಿಶ್ಚಿಂತೆಯಿಂದ ತಿನ್ನತೊಡಗಿದ ಮೇಲೆ ನಾಯಿ ನಡೆದಾಡಲಿ, ಆಗ ಮತ್ತೆ 8 ಮೀಟರ್‌ನಿಂದ ಶುರು. ಮಲಗಿದ ನಾಯಿ ಒಂದು, ಓಡಾಡುವ ನಾಯಿ ಹಕ್ಕಿಯ ಕಣ್ಣಿಗೆ ಇನ್ನೊಂದೇ ಪ್ರಾಣಿ. ಅದಾದ ಮೇಲೆ ಹಕ್ಕಿಯನ್ನು ಉದ್ದ ದಾರದಲ್ಲಿ ಅಡ್ಡೆಯಿಂದ ಕೈಗೆ ಕರೆಯಿರಿ, ನಾಯಿ ಪಕ್ಕದಲ್ಲಿ ಮಲಗಿರಲಿ. ಬರಲು ತಡೆದರೆ ದೂರ ಕಡಿಮೆ ಮಾಡಿ, ಮಾಂಸ ಹೆಚ್ಚಿಸಬೇಡಿ.

ಕೊನೆಯ ಹಂತ ಹುಸಿಮೊಲ. ಚರ್ಮದಲ್ಲಿ ಮಾಂಸ ಕಟ್ಟಿ ಎಳೆಯಿರಿ, ಗಿಡುಗ ಎರಗಿ ಹಿಡಿಯಲಿ. ನಾಯಿ 5 ಮೀಟರ್ ದೂರದಲ್ಲಿ ಮಲಗಿಯೇ ಇರಬೇಕು. ಹಕ್ಕಿ ರೆಕ್ಕೆ ಹರಡಿ ಬೇಟೆಯನ್ನು ಮುಚ್ಚಿಕೊಂಡರೆ ನಾಯಿ ಕಸಿಯಲು ಬರುತ್ತದೆಂದು ಅದಕ್ಕಿನ್ನೂ ಅನುಮಾನವಿದೆ. ಮುಚ್ಚಿಕೊಳ್ಳದೆ ತಿನ್ನುವವರೆಗೆ, ಹತ್ತು-ಹದಿನೈದು ದಿನ ಬೇಕಾದರೂ, ಇಲ್ಲೇ ಇರಿ. ಇಲ್ಲಿ ಉಳಿಸಿದ ವಾರ ಮುಂದೆ ಇಡೀ ಋತುವನ್ನು ನುಂಗುತ್ತದೆ.

ಈ ದಿನಗಳಲ್ಲಿ ತೂಕದ ಮೇಲೆ ಕಣ್ಣಿಡಿ. 950 ಗ್ರಾಂನಲ್ಲಿ ಚೆನ್ನಾಗಿ ಹಾರುವ ಹೆಣ್ಣನ್ನು 30 ಗ್ರಾಂ ಇಳಿಸಿದರೂ ಸ್ವಭಾವ ಬದಲಾಗುತ್ತದೆ. ಅತಿ ಹಸಿದ ಗಿಡುಗಕ್ಕೆ ಪೊದೆಯಲ್ಲಿ ಅಲುಗಾಡುವ ಕಂದು ಬೆನ್ನೆಲ್ಲ ಮೊಲವೇ. ನಾಯಿಯ ಮೇಲೆ ಗಿಡುಗ ಎರಗಿತೆಂದರೆ ಮೊದಲು ನೋಡಬೇಕಾದದ್ದು ತಕ್ಕಡಿಯನ್ನು.

ಮೊದಲ ಬೇಟೆ

ಎಲೆ ಉದುರಿದ ಕಾಲ, ಗಾಳಿ ಕಡಿಮೆಯಿರುವ ಬೆಳಗು, ಬಿಲಗಳಿಂದ ದೂರದ ಸಣ್ಣ ಪೊದೆಗುಂಪು. ಇನ್ನೊಬ್ಬರು ಜೊತೆಗಿರಲಿ, ಅವರ ಕೆಲಸ ನಾಯಿಯೊಂದೇ. ಹಕ್ಕಿಯನ್ನು ಮರಕ್ಕೆ ಅಥವಾ ನೀವು ಹಿಡಿದ ಎತ್ತರದ ಅಡ್ಡೆಗೋಲಿಗೆ ಹತ್ತಿಸಿ, ಅದು ಕೂತು ಸಮಾಧಾನವಾದ ಮೇಲೆ ನಾಯಿಯನ್ನು ಗಾಳಿಗೆ ಎದುರಾಗಿ ಪೊದೆಗೆ ಬಿಡಿ. ಮೊಲ ಎದ್ದಾಗ ಮಾತ್ರ ಕೂಗುವ ಒಂದು ಕೂಗು ಇಟ್ಟುಕೊಳ್ಳಿ. ಮೊಲವಿಲ್ಲದೆ ಎರಡು ಸಲ ಕೂಗಿದರೆ ಮೂರನೆಯ ಸಲ ಗಿಡುಗ ತಿರುಗಿಯೂ ನೋಡುವುದಿಲ್ಲ.

ಹಕ್ಕಿ ಹಿಡಿದ ಕೂಡಲೇ ಸೀಟಿ ಊದಿ. ಜೊತೆಗಾರರು ನಾಯಿಗೆ ಹಗ್ಗ ಹಾಕಲಿ. ನೀವು ಓಡಿ, ಕೊನೆಯ ನಾಲ್ಕು ಹೆಜ್ಜೆ ನಿಧಾನವಾಗಿ ಬಗ್ಗಿ ಹೋಗಿ, ಮೊಲದ ಹಿಂಗಾಲು ಹಿಡಿದುಕೊಳ್ಳಿ. ಹಕ್ಕಿ ತಲೆಯನ್ನು ಹಿಡಿದಿದ್ದರೆ ಅಪಾಯ ಕಡಿಮೆ. ಹಿಂಭಾಗ ಹಿಡಿದಿದ್ದರೆ ಒದೆತಕ್ಕೆ ಗರಿ ಮುರಿಯುತ್ತದೆ, ಬೇಗ ತಲುಪಬೇಕು. ಕುತ್ತಿಗೆ ಎಳೆದು ತಕ್ಷಣ ಮೊಲದ ಪ್ರಾಣ ತೆಗೆಯಿರಿ, ನರಳಲು ಬಿಡುವುದು ಕ್ರೌರ್ಯ. ಕೈಗವಸಿನ ಮೇಲೆ 20-30 ಗ್ರಾಂ ಮಾಂಸ ತೋರಿಸಿ ಹಕ್ಕಿಯನ್ನು ಹತ್ತಿಸಿಕೊಂಡು, ಅದು ತಿನ್ನುತ್ತಿರುವಾಗ ಮೊಲವನ್ನು ಕಣ್ಣಿಗೆ ಕಾಣದಂತೆ ಚೀಲಕ್ಕೆ ಹಾಕಿ. ಹಕ್ಕಿಯನ್ನು ದೂರ ಕೊಂಡೊಯ್ದ ಮೇಲೆಯೇ ನಾಯಿಗೆ ಆ ಜಾಗ ಮೂಸಲು ಬಿಡಿ, ಅದರ ಕಾಳು ಕೊಡಿ, ಮನಸಾರೆ ಹೊಗಳಿ.

ಒಂದು ಮೊಲ ಸಿಕ್ಕರೆ ಆ ದಿನ ಮುಗಿಯಿತು. ಸಿಗದಿದ್ದರೂ ಮುಕ್ಕಾಲು ಗಂಟೆಗೆ ಮುಗಿಸಿ, ಹುಸಿಮೊಲ ಹಾಕಿ ಹಕ್ಕಿಯನ್ನು ಇಳಿಸಿಕೊಳ್ಳಿ.

ಕೆಡುವುದು ಎಲ್ಲಿ

ನಾಯಿ ಬೇಟೆಯ ಮೇಲೆ ನುಗ್ಗಿದರೆ ಆ ದಿನವೇ ಬೇಟೆ ನಿಲ್ಲಿಸಿ. ಕಿರುಚಾಟದ ಪಾಠಕ್ಕೆ ವಾಪಸು ಹೋಗಿ, ಮುಂದಿನ ಐದಾರು ಬೇಟೆ ಉದ್ದ ಹಗ್ಗದಲ್ಲೇ. ಒಮ್ಮೆ ನುಗ್ಗಿ ಮೊಲದ ರುಚಿ ಕಂಡದ್ದು ಎರಡನೇ ಸಲಕ್ಕೆ ಅಭ್ಯಾಸವಾಗುತ್ತದೆ.

ಗಿಡುಗದ ಉಗುರು ತಗಲಿ ನಾಯಿ ಹೆದರಿದ್ದರೆ ಎರಡು ವಾರ ಹಕ್ಕಿಯಿಲ್ಲದೆ ಬರೀ ಜಾಡಿನ ಕೆಲಸ ಕೊಡಿ, ಮತ್ತೆ 10 ಮೀಟರ್‌ನಿಂದ ಆರಂಭಿಸಿ. ಗಾಯ ಚಿಕ್ಕದೆಂದು ಬಿಡಬೇಡಿ. ಉಗುರಿನ ತೂತು ಮೇಲೆ ಮುಚ್ಚಿ ಒಳಗೆ ಕೀವಾಗುತ್ತದೆ, ವೈದ್ಯರಿಗೆ ತೋರಿಸಿ.

ನಾಯಿ ದನಿ ತೆಗೆದಾಗ ಹಕ್ಕಿ ದೂರದ ಮರಕ್ಕೆ ಹೋಗುತ್ತಿದ್ದರೆ ಬೊಗಳುವ ಸದ್ದು ಅದಕ್ಕೆ ಹೊಸದು. ನಾಯಿಯ ದನಿಯನ್ನು ಮುದ್ರಿಸಿಕೊಂಡು ತಿನ್ನಿಸುವಾಗ ಕೇಳಿಸಿ. ನಾಯಿ ಬೇಗ ದಣಿದು ಜಾಡು ಕಳೆದುಕೊಳ್ಳುತ್ತಿದ್ದರೆ ನೀರು ಕೊಟ್ಟಿದ್ದು ಯಾವಾಗ ಎಂದು ನೋಡಿ. ಬಾಯಿ ತೆರೆದು ಏದುಸಿರು ಬಿಡುವ ನಾಯಿಗೆ ಮೂಗಿನಿಂದ ಎಳೆದುಕೊಳ್ಳಲು ಉಸಿರೇ ಉಳಿಯುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ನೆರಳಿನಲ್ಲಿ ನಿಲ್ಲಿಸಿ ಕುಡಿಸಿ.

ಮನೆಗೆ ಬಂದ ಮೇಲೆ

ಮೊಲದ ಹೊಟ್ಟೆ ಸೀಳುವಾಗ ಕೈಗೆ ರಬ್ಬರ್ ಗವಸು ಇರಲಿ. ಮೊಲದಿಂದ ಮನುಷ್ಯರಿಗೆ ತುಲರೇಮಿಯಾ ಎಂಬ ಬ್ಯಾಕ್ಟೀರಿಯಾ ಸೋಂಕು ತಗಲುವುದುಂಟು. ಪಿತ್ತಜನಕಾಂಗದ ಮೇಲೆ ಬಿಳಿ ಚುಕ್ಕೆ ಕಂಡರೆ ಆ ಮೊಲವನ್ನು ಯಾರಿಗೂ ತಿನ್ನಿಸಬೇಡಿ. ಕರುಳು, ಒಳಾಂಗಗಳನ್ನು ನಾಯಿಗೆ ಹಸಿಯಾಗಿ ಹಾಕಿದರೆ ಲಾಡಿಹುಳು ಖಂಡಿತವಾಗಿ ಬರುವ ದಾರಿ ಅದು. ಋತುವಿನುದ್ದಕ್ಕೂ ಜಂತುಹುಳುವಿನ ಔಷಧಿಯನ್ನು ವೈದ್ಯರು ಹೇಳಿದ ಅಂತರದಲ್ಲಿ ಕೊಡಿ. ಬಂದೂಕಿನಿಂದ ಹೊಡೆದ ಮೊಲದ ಮಾಂಸವನ್ನು ಗಿಡುಗಕ್ಕೆ ಎಂದೂ ಹಾಕಬೇಡಿ, ಸೀಸದ ಒಂದು ಕಾಳು ಸಾಕು ಹಕ್ಕಿಯನ್ನು ಕೊಲ್ಲಲು.

ನಾಯಿಯ ಕಿವಿಯ ಒಳಮೈ, ಬೆರಳ ಸಂದು, ಕಂಕುಳು ತಡವಿ ಮುಳ್ಳು, ಉಣ್ಣೆಹುಳು ತೆಗೆಯಿರಿ. ಹಕ್ಕಿಯ ಪಾದ ತಿರುಗಿಸಿ ಮೊಲದ ಹಲ್ಲಿನ ಗುರುತಿದೆಯೇ ನೋಡಿ, ತೂಕ ಬರೆದಿಡಿ. ಮರುದಿನ ಎರಡಕ್ಕೂ ಬಿಡುವು.